ಹಾಳೂರಿನ ಮಡಕೆಚೂರು

ಮಲವಗೊಪ್ಪದ ಮಹಾಂತಮ್ಮ ಲಾಠಿಗೆ ಹೆದರಿದವಳಲ್ಲ. ಉಳುವ ನೆಲ ಬಿಡಲ್ಲ ಅಂತ ಶಿವಮೊಗ್ಗದಲ್ಲಿ ಧರಣಿ ಕೂತವಳು, ವ್ಯಾನಿಗೆ ಎತ್ತಿ ಹಾಕಿದರೂ ಒಳಗಿಂದಲೇ ಬೈದವಳು. ಅಂಥವಳು ಹೆದರಿದ್ದು ಗೇಣುದ್ದದ ಕೆಂಪು ಬಾವುಟಕ್ಕೆ.

ಅವಳ ಹೊಲ ಇರೋದು ಹಾಳೂರಿನಲ್ಲಿ. ಯಾವುದೋ ರಾಜರ ಕಾಲಕ್ಕೆ ಅಲ್ಲಿ ಊರಿತ್ತಂತೆ, ಜನ ಬಿಟ್ಟು ಹೋದರಂತೆ. ಉಳಿದಿರೋದು ವಾಲಿದ ವೀರಗಲ್ಲು, ಹೂಳು ತುಂಬಿದ ಕೆರೆ, ಮಣ್ಣು ಕೆದಕಿದಲ್ಲೆಲ್ಲ ಮಡಕೆಚೂರು. ಅಜ್ಜನ ಕಾಲದಿಂದ ಉತ್ತರೂ ಹಕ್ಕುಪತ್ರ ಸಿಕ್ಕಿಲ್ಲ. ಎತ್ತಿನ ಕಾಲಿಗೆ ಚುಚ್ಚೀತೆಂದು ಉಳುವ ಮುಂಚೆ ಚೂರು ಆರಿಸಿ ಬದುವಿಗೆ ಸುರಿಯೋದು ಮನೆತನದ ರೂಢಿ.

ಈ ಬೇಸಿಗೆಯಲ್ಲಿ ಹಳೇ ಊರು ಹುಡುಕುವ ತಂಡ ಬಂತು. ತಂಡದ ಸುಷ್ಮಾ ಮೇಡಂ ವಿವರಿಸಿದರು: "ಚೂರು ದಟ್ಟವಾಗಿರೋ ಕಡೆ ಮನೆಗಳಿದ್ದವು. ಅಲ್ಲೊಂದು ಇಲ್ಲೊಂದು ಇದ್ದರೆ ಆಗಿನ ಹೊಲ. ತಿಪ್ಪೆಗೊಬ್ಬರದ ಜತೆ ಬಂದಿರುತ್ತೆ. ನಾಳೆ ಬಾವುಟ ನೆಟ್ಟು ಗುರುತು ಮಾಡ್ತೀವಿ."

ಮಹಾಂತಮ್ಮನ ಕಿವಿಗೆ ಬಿದ್ದದ್ದು ಒಂದೇ: ಚೂರಿದ್ದರೆ ಸರ್ಕಾರದ ಬೇಲಿ, ಹಕ್ಕುಪತ್ರ ಇಲ್ಲದವಳು ಹೊರಗೆ. ತಂಡ ಊಟಕ್ಕೆ ಹೋದದ್ದೇ ತಡ, ಬದುವಿನ ರಾಶಿಯನ್ನೆಲ್ಲ ಮಂಕರಿಯಲ್ಲಿ ಹೊತ್ತು ಪಕ್ಕದ ಜಟ್ಟಪ್ಪನ ಬೀಳು ಹೊಲದ ಮೂಲೆಗೆ ಚೆಲ್ಲಿ ಬಂದಳು.

ಮರುದಿನ ಬಾವುಟ ಎದ್ದದ್ದು ಅಲ್ಲೇ. ಜಟ್ಟಪ್ಪ ಓಡಿ ಬಂದ.

"ನಮ್ಮಪ್ಪ ಕುಡಿದು ಒಡೆದ ಹೆಂಡದ ಮಡಕೆ ಬಿಟ್ರೆ ಇಲ್ಲೇನೂ ಇಲ್ಲ ಮೇಡಮ್ಮೋರೆ!"

ಯಾರೂ ನಗಲಿಲ್ಲ. ಅವನು ಮಹಾಂತಮ್ಮನ ಕಡೆ ತಿರುಗಿದ. "ಮಹಾಂತಕ್ಕ, ನೀನಾದ್ರೂ ಹೇಳು ಮಾರಾಯ್ತಿ. ನಂಗಿರೋದು ಇದೊಂದೇ ತುಂಡು."

ಬಾಯಿ ಮುಚ್ಚಿಕೊಂಡರೆ ಮಹಾಂತಮ್ಮನ ಹೊಲ ಉಳಿಯುತ್ತೆ. ಇಷ್ಟು ವರ್ಷ ಧರಣಿಯಲ್ಲಿ ಕೂಗಿದ್ದು ಮಾತ್ರ ಸುಳ್ಳಾಗುತ್ತೆ.

"ಸುರಿದೋಳು ನಾನು. ಚೂರು ನನ್ನ ಹೊಲದ್ದು."

"ಅಕ್ಕಾ ಅಂದಿದ್ದಕ್ಕೆ ನನ್ನ ತಲೆ ಮೇಲೇ ಚಪ್ಪಡಿ ಎಳೀತಿದ್ಯಲ್ಲೇ!"

"ಹೂಂ, ಎಳೀತಿದ್ದೆ. ಹೆದರಿಕೆ ಕಣೋ."

ಸುಷ್ಮಾ ಅಲ್ಲಿ ನೆಟ್ಟಿದ್ದ ಬಾವುಟ ಕಿತ್ತರು. "ಚೂರು ಎಲ್ಲೆಲ್ಲಿ ಆರಿಸಿದ್ರಿ, ತೋರಿಸ್ತೀರಾಮ್ಮ?"

"ಬೇಲಿ ಹಾಕ್ತೀರಾ?"

"ಅದು ನನ್ನ ಕೈಲಿಲ್ಲ. ಹಾಕಲ್ಲ ಅಂತ ಸುಳ್ಳು ಹೇಳಲಾರೆ."

ಮಹಾಂತಮ್ಮ ಮುಂದೆ ನಡೆದಳು. ಅವಳು ನಿಂತಲ್ಲೆಲ್ಲ ಹಿಂದೆ ಒಂದು ಬಾವುಟ ನೆಲಕ್ಕೆ ಇಳಿಯುತ್ತಿತ್ತು. ಕೆರೆ ಕಡೆಯ ಒಳ್ಳೇ ಮಣ್ಣಿಗೆ ಬಂದಾಗ ಕಾಲು ಏಳಲಿಲ್ಲ. ಚೂರು ಜಾಸ್ತಿ ಸಿಗುತ್ತಿದ್ದದ್ದೂ ಅಲ್ಲೇ.

"ಇಲ್ಲೂ," ಅಂದಳು.