ಮೂರನೇ ಕೂಳೆ

ನಾನು ಕೆಲಸಕ್ಕಿದ್ದ ವಿಮಾನ ಕಂಪನಿ ಎರಡು ಸಲ ದಿವಾಳಿ ಎದ್ದಿತು. ಎರಡನೆಯ ಸಲ ಸೂಟ್‌ಕೇಸು ಎಳೆದುಕೊಂಡು ನಮ್ಮೂರು ಹನಕೆರೆಯ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಮೂವತ್ತೊಂಬತ್ತು ವರ್ಷ. ಮನೆಯಲ್ಲಿ ಅಪ್ಪನೂ ಇರಲಿಲ್ಲ, ಅವ್ವನೂ ಇರಲಿಲ್ಲ. ಬೀಗ ತೆಗೆದು, ಕಸ ಗುಡಿಸಿ, ಯೂನಿಫಾರಮ್ಮಿಗೆ ಇಸ್ತ್ರಿ ಹಾಕಿ ಬೀರುವಿನಲ್ಲಿ ತೂಗುಬಿಟ್ಟೆ. ಹೆಚ್ಚೆಂದರೆ ಆರು ತಿಂಗಳು, ಮತ್ತೆ ಕರೆಯುತ್ತಾರೆ ಅಂದುಕೊಂಡಿದ್ದೆ.

ಹಾಗಂದುಕೊಳ್ಳಲು ಕಾರಣವಿತ್ತು. ಮೊದಲ ಸಲ ಬಾಗಿಲು ಹಾಕಿದಾಗ ಜೊತೆಯವರೆಲ್ಲ ಸಿಕ್ಕಸಿಕ್ಕ ಕೆಲಸ ಹಿಡಿದು ಚದುರಿದರು. ನಾನು ಮತ್ತು ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದ ಗೆಳತಿ ಮಾತ್ರ ಕಾದೆವು. ವರ್ಷದೊಳಗೆ ಹೊಸ ಮಾಲೀಕರು ಬಂದರು, ವಿಮಾನ ಹಾರಿತು, ನಮ್ಮಿಬ್ಬರನ್ನೂ ಕರೆದು ಮೊದಲಿಗಿಂತ ದೊಡ್ಡ ಜಾಗವನ್ನೇ ಕೊಟ್ಟರು. ಕಾದವರಿಗೆ ಸಿಕ್ಕೇ ಸಿಗುತ್ತದೆ ಎಂಬ ಹುಚ್ಚು ಆವತ್ತು ತಲೆಗೆ ಹತ್ತಿದ್ದು ಇಳಿಯಲಿಲ್ಲ. ಹೊಸ ಮಾಲೀಕರು ಒಂದೂವರೆ ವರ್ಷಕ್ಕೆ ಕೈಯೆತ್ತಿದರು.

ನನ್ನ ಪಾಲಿನ ಅರ್ಧ ಎಕರೆ ಕಬ್ಬನ್ನು ನೋಡಿಕೊಳ್ಳುತ್ತಿದ್ದವನು ಚಿಕ್ಕಪ್ಪ. ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ನನ್ನ ಬಾಗಿಲ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದ.

"ಎದ್ದೈತೇನವ್ವಾ ನಿನ್ನ ಇಮಾನ?"

ನನಗೆ ಮೈ ಉರಿಯುತ್ತಿತ್ತು. ಆದರೂ ಬಿಡದೆ ವಿವರಿಸುತ್ತಿದ್ದೆ. ಯಾರೋ ಕೊಳ್ಳಲು ಮುಂದೆ ಬಂದಿದ್ದಾರೆ, ಕೋರ್ಟಿನಲ್ಲಿ ನಡೆಯುತ್ತಿದೆ, ಇನ್ನೇನು ತೀರ್ಮಾನವಾಗುತ್ತದೆ ಅಂತ.

"ಇಮಾನ ಎಲ್ಲವೆ?"

"ಅವು ಬಾಡ್ಗೆವು ಚಿಕ್ಕಪ್ಪ. ಅವುಗಳ ಮಾಲೀಕ್ರು ಬಂದು ತಗೊಂಡೋದ್ರು."

"ಎತ್ತೂ ನಿಮ್ದಲ್ಲ, ಗಾಡೀನೂ ನಿಮ್ದಲ್ಲ. ಮೂಗುದಾರ ಇಡ್ಕೊಂಡು ಕುಂತಿದ್ದೀರಾ?"

ಹೀಗೆ ಕೆಣಕಿದವನೇ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಯಾರಿಗೋ ಹೇಳಿಸಿ ನನಗೊಂದು ಕೆಲಸ ಗೊತ್ತುಮಾಡಿದ್ದ. ಬಂದುಹೋಗುವವರ ಹೆಸರು ಬರೆದುಕೊಂಡು ಒಳಗೆ ಕಳಿಸುವ ಕೆಲಸ. ನಾನು ಹೋಗಲಿಲ್ಲ. ಕಂಪನಿ ಕರೆದರೆ ಅರ್ಧಕ್ಕೆ ಬಿಡಬೇಕಾಗುತ್ತದೆ ಅಂದೆ. ನಿಜ ಹೇಳಬೇಕೆಂದರೆ ನನಗೆ ಜಂಬ. ಆ ಜಾಗಕ್ಕೆ ತಿಂಗಳೊಳಗೆ ಬೇರೆಯವರು ಬಂದರು.

ಅದೇ ಹೊತ್ತಿಗೆ ಹೊಲದಲ್ಲಿ ಎರಡನೆಯ ಕೂಳೆ ಕಟಾವಾಗಿತ್ತು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡಕ್ಕೆ ಕೂಳೆ ಅನ್ನುತ್ತೇವೆ. ಗೊಬ್ಬರ ಕೊಟ್ಟು ನೀರು ಕಟ್ಟಿದರೆ ಅದು ತಾನಾಗಿ ಚಿಗುರುತ್ತದೆ, ಹೊಸದಾಗಿ ನೆಡಬೇಕಿಲ್ಲ; ಆ ಬೆಳೆಗೂ ಕೂಳೆ ಎಂದೇ ಹೆಸರು. ನಮ್ಮ ಕಡೆ ಒಂದು ಕೂಳೆಯನ್ನು ಎಲ್ಲರೂ ಬಿಡುತ್ತಾರೆ, ಎರಡನೆಯದನ್ನು ನೆಲ ನೋಡಿ ಬಿಡುತ್ತಾರೆ. ನಮ್ಮ ಹೊಲದಲ್ಲಿ ಮೂರನೆಯದನ್ನು ಬಿಟ್ಟವರಿರಲಿಲ್ಲ.

"ಅಗೆದಾಕಿ ಬತ್ತ ನಾಟಿ ಮಾಡ್ಸುವಾ" ಅಂದ ಚಿಕ್ಕಪ್ಪ.

"ಬುಡು ಚಿಕ್ಕಪ್ಪ. ಇನ್ನೊಂದು ಕೂಳೆ ನೋಡುವಾ."

ಅವನು ನನ್ನ ಮುಖವನ್ನೇ ನೋಡಿದ. "ಚಿಗುರೋದೇನೋ ಚಿಗುರ್ತದೆ ಕಣವ್ವಾ. ಚಿಗುರಿದ್ದೆಲ್ಲ ಕಬ್ಬಾಗಕ್ಕಿಲ್ಲ."

ಹೊಲ ನನ್ನದು, ಹಟವೂ ನನ್ನದು. ಈ ಕೂಳೆ ಬಂದರೆ ಕಂಪನಿಯ ಕರೆಯೂ ಬರುತ್ತದೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ಓದಿದವಳು ಮಾಡುವ ಕೆಲಸವಲ್ಲ, ಆದರೂ ಮಾಡಿದೆ.

ಆ ವರ್ಷ ನಾನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನೆಂಟರು ಕರೆದರೆ ನೆಪ ಹೇಳಿದೆ. ಸಂಜೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು, ಮೈಸೂರಿನ ರೈಲು ಹೊರಡುವಾಗ, ವಿಮಾನ ನಿಲ್ದಾಣದ ಗೇಟಿನಲ್ಲಿ ಪ್ರಯಾಣಿಕರಿಗೆ ಹೇಳುತ್ತಿದ್ದ ಕೊನೆಯ ಕರೆಯನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಸಾಮಾನು ತರಲು ಮಂಡ್ಯಕ್ಕೆ ಹೋದರೆ ಮಾತಿನ ಆಸೆಗೆ ಅಂಗಡಿಯವನ ಹತ್ತಿರ ಬೇಕಿಲ್ಲದ ಸಾಮಾನಿನ ಬೆಲೆಯನ್ನೆಲ್ಲ ಕೇಳುತ್ತಿದ್ದೆ. ಉಳಿದಂತೆ ಫೋನಿನಲ್ಲಿ ನಮ್ಮ ಹಳೆಯ ಸಿಬ್ಬಂದಿಯ ವಾಟ್ಸಾಪ್ ಗುಂಪು. ಮೊದಮೊದಲು ದಿನವಿಡೀ ಗದ್ದಲ, ಆಮೇಲೆ ಹಬ್ಬಕ್ಕೊಂದು ಹೂವಿನ ಚಿತ್ರ. ಕೆಲಸ ಸಿಕ್ಕವರು ಒಬ್ಬೊಬ್ಬರಾಗಿ ಹೊರಟರು. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತಿತ್ತು, ಗೇಟು ತೆರೆಯುವ ಮುಂಚೆಯೇ ಎದ್ದು ಹೋದರಲ್ಲ ಅಂತ.

ಕಟಾವಿನ ಹೊತ್ತಿಗೆ ಕಬ್ಬು ಹೆಬ್ಬೆರಳ ದಪ್ಪವೂ ಆಗಿರಲಿಲ್ಲ. ಕಡಿಯಲು ಬಂದವಳೊಬ್ಬಳು ಒಂದು ಜಲ್ಲೆ ಮುರಿದು ಅಗಿದು ಉಗಿದಳು. "ಇದ್ನ ಆಲೆಮನೆಗೆ ಒಯ್ಯೋದಾ? ದನಕ್ಕಾಕಿ ಕಣಮ್ಮ" ಅಂದಳು. ಹಾಗೇ ಮಾಡಿದೆವು.

ಅದಾದ ವಾರಕ್ಕೆ ಸುದ್ದಿ ಬಂತು. ಕೊಳ್ಳುತ್ತೇವೆ ಅಂದವರು ಹಿಂದೆ ಸರಿದಿದ್ದರು. ಇದ್ದಬದ್ದದ್ದನ್ನು ಮಾರಿ ಕಂಪನಿಯನ್ನು ಮುಚ್ಚಬೇಕು ಎಂದು ಆದೇಶವಾಗಿತ್ತು. ಅಷ್ಟರಲ್ಲಿ ಗುಂಪಿನಲ್ಲಿ ಉಳಿದಿದ್ದವರು ನಾನು ಮತ್ತು ಪಕ್ಕದ ಕೌಂಟರಿನ ಗೆಳತಿ, ಇಬ್ಬರೇ. "ನಾನು ಹೊರಡ್ತೀನಿ ಕಣೇ, ನೀನೂ ಹೊರಡು" ಎಂದು ಗೆಳತಿ ಬರೆದಳು, ಬರೆದು ಹೊರಟಳು. ನೀವೀಗ ಈ ಗುಂಪಿನ ಅಡ್ಮಿನ್ ಎಂದು ಫೋನು ತೋರಿಸಿತು. ಸದಸ್ಯರ ಸಂಖ್ಯೆ ಒಂದು. ನನಗೆ ಅಳು ಬಂತು, ಅತ್ತುಬಿಟ್ಟೆ.

ಮಾರನೆಯ ದಿನ ಚಿಕ್ಕಪ್ಪ ಕೂಳೆ ಅಗೆಯಲು ಗುದ್ದಲಿ ಹಿಡಿದು ಬಂದ. ನಾನೂ ಜೊತೆಗೆ ಹೋದೆ. ಅವನು ಅಗೆಯುತ್ತಿದ್ದ, ನಾನು ಬುಡಗಳನ್ನು ಬದುವಿಗೆ ಹೊತ್ತು ಹಾಕುತ್ತಿದ್ದೆ. ಆವತ್ತು ಅವನು ವಿಮಾನದ ಮಾತೇ ಎತ್ತಲಿಲ್ಲ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಬಿಸಿಲೇರುವವರೆಗೆ ಕಾದು, ಕೊನೆಗೆ ನಾನೇ ಹೇಳಿದೆ.

"ಇಮಾನ ಏಳಕ್ಕಿಲ್ಲ ಚಿಕ್ಕಪ್ಪ."

"ಗೊತ್ತು ಕಣವ್ವಾ. ಓದ ವರ್ಸವೇ ಗೊತ್ತಿತ್ತು."

"ಗೊತ್ತಿದ್ದೂ ದಿನಾ ಯಾಕೆ ಕೇಳ್ತಿದ್ದೆ?"

ಅವನು ಗುದ್ದಲಿಗೆ ಅಂಟಿದ ಮಣ್ಣನ್ನು ಕಾಲಿನಲ್ಲಿ ಒರೆಸಿದ. "ಇನ್ನೇನ್ ಕೇಳ್ಲಿ? ಉಂಡ್ಯಾ ಅಂದ್ರೆ ನೀನು ಊಂ ಅಂತಿದ್ದೆ, ಒಳಕ್ಕೋಯ್ತಿದ್ದೆ. ಅದೊಂದ್ನ ಕೇಳುದ್ರೆ ನಿಂತ್ಕೊಂಡು ಮಾತಾಡ್ತಿದ್ದೆ."

ಅವನು ಮುಂದಿನ ಬುಡಕ್ಕೆ ಗುದ್ದಲಿ ಹಾಕಿದ. ನಾಳೆ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು ಕೇಳಲು ಅವನಿಗೆ ಏನೂ ಉಳಿದಿಲ್ಲ ಎಂಬುದು ಹೊಳೆದು ನನಗೆ ಭಯವಾಯಿತು.

"ಯಾವ ಬತ್ತ ಆಕುವಾ ಚಿಕ್ಕಪ್ಪ?" ಎಂದು ಕೇಳಿದೆ.