ಹಿಂದಕ್ಕೆ ಬಾರದ ಬ್ರೆಡ್ ಗಾಡಿ

ಏಳು ಚೂರು ಅಂದರೆ ಏಳು ಚೂರೇ. ಏನು, ಎಕ್ಸ್‌ರೇಯಲ್ಲಿ ಎರಡೇ ಇತ್ತು ಅನ್ನುತ್ತೀರಾ? ಫಿಲಂ ಚಿಕ್ಕದು ಸ್ವಾಮಿ, ಉಳಿದ ಐದು ಅದರಲ್ಲಿ ಹಿಡಿಸಲಿಲ್ಲ! ಹೋಗಲಿ, ನನ್ನ ಕಾಲಿನ ಮಾತು ಬಿಡಿ. ನಾನು ಹೇಳಹೊರಟಿದ್ದು ಅದನ್ನು ಮುರಿದವನ ಕಥೆ.

ಬ್ರೆಡ್ ಗಾಡಿಯ ಡ್ರೈವರ್ ಅವನು. ಕೆನ್ನೆ ಎರಡೂ ಉಬ್ಬಿಕೊಂಡಿದ್ದರಿಂದ ಬೀದಿಗೆಲ್ಲ ಬನ್ನಣ್ಣ. ಹದಿನೆಂಟು ವರ್ಷ ಒಂದು ಬೆಕ್ಕಿನ ಬಾಲಕ್ಕೂ ಚಕ್ರ ತಾಗಿಸಿದವನಲ್ಲ. ನಮ್ಮ ಮೂಲೆ ಅಂಗಡಿಗೆ ಗಾಡಿಯ ಬೆನ್ನು ಹಚ್ಚಿ ನಿಲ್ಲಿಸಿದರೇನೇ ಟ್ರೇ ಇಳಿಸಲು ಸಾಧ್ಯ. ಟ್ರೇಗಳೋ ಚಾವಣಿ ಮುಟ್ಟುವಂತೆ ತುಂಬಿರುತ್ತವೆ, ಹಿಂದೇನೂ ಕಾಣದು. ಅದಕ್ಕೇ ಅಂಗಡಿಯಾಕೆ ಬದಿಗೆ ನಿಂತು ಗಾಡಿಯ ತಗಡು ತಟ್ಟುತ್ತಿರುತ್ತಾಳೆ. ತಟ್ಟುವಷ್ಟು ಹೊತ್ತು ಬರಬಹುದು. ತಟ್ಟುವುದು ನಿಂತರೆ ನಿಲ್ಲಬೇಕು. ಅವರಿಬ್ಬರ ಏರ್ಪಾಡು ಅದು, ನನಗೇನು ಗೊತ್ತು? ಆವತ್ತು ಬೆಳಿಗ್ಗೆ ಫೋನ್ ಬಂತೆಂದು ಆಕೆ ಕೈ ತೆಗೆದು ಒಳಗೆ ತಿರುಗಿದಳು. ಅದೇ ಗಳಿಗೆಗೆ ಗಾಡಿಯ ಹಿಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ನಾನು, ಗಾಡಿ ನಿಲ್ಲಲೆಂದು ಡಬಡಬ ತಟ್ಟಿದೆ. ತಟ್ಟಿದಷ್ಟೂ ಬಂತು!

ಆಸ್ಪತ್ರೆಗೆ ಎತ್ತಿಕೊಂಡು ಓಡಿದವನೂ ಅವನೇ. ನನಗಿಂತ ಅವನೇ ಹೆಚ್ಚು ಅತ್ತ. ನರ್ಸಮ್ಮ ಮೊದಲು ಅವನ ಕಾಲಿಗೇ ಪಟ್ಟಿ ಕಟ್ಟಲು ಹೋಗಿದ್ದಳು.

ನನ್ನ ಕಾಲು ಮೆಲ್ಲಗೆ ಕೂಡಿಕೊಳ್ಳತೊಡಗಿತು; ಅವನ ಧೈರ್ಯ ಕೂಡಿಕೊಳ್ಳಲಿಲ್ಲ. ರಿವರ್ಸ್ ಗೇರ್ ಹಾಕುವುದನ್ನೇ ಬಿಟ್ಟ. ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ಟ್ರೇಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದ. ಎಲ್ಲ ಅಂಗಡಿಗೂ ತಡ. ಕೊನೆಗೆ ಬೇಕರಿಯವರು, ಸೋಮವಾರದಿಂದ ಮೊದಲಿನಂತೆ ಓಡಿಸು, ಇಲ್ಲವೇ ಕೀಲಿ ಕೊಟ್ಟು ಹೋಗು ಅಂದರು. ಭಾನುವಾರ ಬಂದು ನನ್ನ ಮಂಚದ ಬಳಿ ಕೂತ.

"ಅಜ್ಜ, ಕೀಲಿ ಕೊಟ್ಬಿಡ್ತೀನಿ. ನನ್ ಕೈಲಿ ಆಗಲ್ಲ."

"ಲೋ, ಕಾಲು ಮುರಿದಿದ್ದು ನಂದು, ಕುಂಟೋದು ನೀನಾ?"

"ನಗಿಸ್ಬೇಡಿ ಅಜ್ಜ."

"ನಾಳೆ ಅಂಗಡಿ ಹತ್ರ ಬಾ. ನಾನೇ ತಟ್ತೀನಿ."

"ನೀವಾ? ಬೇಡಪ್ಪಾ ಬೇಡ!"

"ಹೆದರ್ಬೇಡ, ನಂಗಿನ್ನೊಂದು ಕಾಲಿದೆ."

ಊರುಗೋಲು ಹಿಡಿದು ಹೋದೆ. ಈ ಸಲ ಬದಿಗೆ ನಿಂತೆ. ಅಷ್ಟು ಬುದ್ಧಿ ಬಂದಿತ್ತು. ತಟ್ಟಿದೆ. ಗಾಡಿ ಅಲುಗಲಿಲ್ಲ. ಮಗುವನ್ನು ಮಲಗಿಸುವಾಗ ತಟ್ಟುತ್ತೇವಲ್ಲ, ಹಾಗೆ ಮೆಲ್ಲಗೆ ತಟ್ಟಿದೆ. ಒಂದು ಗೇಣು ಬಂತು. ಇನ್ನೊಂದು ಗೇಣು. ಅಂಗಡಿಯ ಮೆಟ್ಟಿಲು ಹತ್ತಿರವಾದಾಗ ಕೈ ತೆಗೆದೆ. ಗಾಡಿ ಅಲ್ಲೇ ನಿಂತಿತು. ಬನ್ನಣ್ಣ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ. ಸಮಾಧಾನಕ್ಕೆ ಬೆನ್ನು ತಟ್ಟೋಣವೆಂದು ಕಿಟಕಿಯೊಳಗೆ ಕೈ ಹಾಕಿದೆ.

"ತಟ್ಬೇಡಿ ಅಜ್ಜ," ಅಂದ ಮೂಗೆಳೆದುಕೊಂಡು, "ಗಾಡಿ ಇನ್ನೂ ಆಫ್ ಮಾಡಿಲ್ಲ!"

ಈಗಲೂ ದಿನಾ ನಾನೇ ತಟ್ಟುವುದು. ಮೊನ್ನೆ ತಟ್ಟಿದ ರಭಸಕ್ಕೆ ಗಾಡಿ ಸೀದಾ ಪಕ್ಕದ ಊರಿಗೆ...

"ಮಾವಾ, ರೈಲು ಬಿಟ್ಟಿದ್ದು ಸಾಕು! ಬನ್ನಣ್ಣ ಆಗ್ಲೇ ಕೈ ತೊಳ್ಕೊಂಡು ಕೂತಿದ್ದಾನೆ. ನೀವು ಬರೋ ತನಕ ತುತ್ತು ಮುಟ್ಟಲ್ವಂತೆ!"

ನಮ್ಮ ಸೊಸೆ. ಬಂದೆ ತಾಯಿ, ಬಂದೆ. ಎಲ್ಲಿಟ್ಟೆ ಆ ಕೋಲು?