ಹೊಸಬರ ಕೈಗೆ ನಲವತ್ತು ಕಾರ್ಡು

ಹೋದ ತಿಂಗಳ ಒಂದು ಭಾನುವಾರ, ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ, ನಮ್ಮ ಅತ್ತಿಗೆಯನ್ನು ಐದೇ ನಿಮಿಷದಲ್ಲಿ ಮುಗಿಸಿಬಿಟ್ಟರು.

(ಗಾಬರಿ ಬೇಡ. ಅತ್ತಿಗೆ ಕ್ಷೇಮ. ಮುಗಿಸಿದ್ದು ಕಾರ್ಡಿನ ಆಟದಲ್ಲಿ.)

ಇಸ್ಪೀಟಾ ಅಂತ ಕೇಳಬೇಡಿ. ನಮ್ಮಮ್ಮ ಕೇಳಿ ಆಗಿದೆ. "ಮನೆ ಸೊಸೇನ ಇಸ್ಪೀಟಿಗೆ ಕರ್ಕೊಂಡೋಯ್ತೀಯಲ್ಲೇ, ಪೊಲೀಸ್ನೋರು ಬಂದ್ರೆ ಏನೇ ಮಾಡ್ತೀಯ?" ಅಂದರು. ಇದರಲ್ಲಿ ಪಣವೂ ಇಲ್ಲ, ರಾಜ ರಾಣಿ ಗುಲಾಮರೂ ಇಲ್ಲ. ಡ್ರ್ಯಾಗನ್, ಮಾಟಗಾರ, ಆನೆ, ಮುಂಗುಸಿ, ಇಂಥ ಚಿತ್ರಗಳಿರುವ ಕಾರ್ಡುಗಳು. ಪ್ಯಾಕೆಟ್ಟಿನಲ್ಲಿ ಬರುತ್ತವೆ, ಒಡೆಯುವ ತನಕ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಹೆಚ್ಚಿನವು ಎಲ್ಲರ ಹತ್ತಿರವೂ ಇರುವ ಕಾಮನ್ ಕಾರ್ಡುಗಳು, ಅದೃಷ್ಟವಿದ್ದರೆ ಒಂದು ರೇರ್. ಬಂದವುಗಳಲ್ಲಿ ನಲವತ್ತನ್ನು ಆರಿಸಿ ನಿಮ್ಮದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಅದೇ ಡೆಕ್. ನನ್ನ ಡೆಕ್ಕಿಗೂ ನಿಮ್ಮ ಡೆಕ್ಕಿಗೂ ಜಗಳ. ಒಬ್ಬರು ಉಳಿಯುತ್ತಾರೆ. ಇಷ್ಟೇ ಆಟ.

ಮಂಡಿ ಲೋಹಿತನ ಅಪ್ಪನದು. ಲೋಹಿತ ನನ್ನ ಕಾಲೇಜಿನ ಜೊತೆಗಾರ. ಭಾನುವಾರ ವ್ಯಾಪಾರಕ್ಕೆ ರಜೆ, ಮುಂದಿನ ಕೋಣೆಯ ಉದ್ದನೆಯ ಮೇಜು ನಮ್ಮದು. ನಾವು ಆರೇಳು ಜನ. ಎರಡು ವರ್ಷದಿಂದ ಅದೇ ಆರೇಳು ಜನ. ಹೊಸಬರು ಬರುವುದಿಲ್ಲವೇ? ಬರುತ್ತಾರೆ. ಒಂದು ಸಲ ಬರುತ್ತಾರೆ.

ಅತ್ತಿಗೆ ತುರುವೇಕೆರೆ ಕಡೆಯವರು. ಅಣ್ಣನನ್ನು ಮದುವೆಯಾಗಿ ಹಂದನಕೆರೆಯ ನಮ್ಮ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಭಾನುವಾರ ಬಂತೆಂದರೆ ನಾನು ಕಾರ್ಡಿನ ಡಬ್ಬ ಹಿಡಿದು ಬಸ್ ಹತ್ತುವುದನ್ನು ನೋಡಿ ನೋಡಿ, ತಾವಾಗಿಯೇ "ನಾನೂ ಬತ್ತೀನಿ ಕಣೇ" ಅಂದರು. ಆದರೆ ಅವರ ಹತ್ತಿರ ಡೆಕ್ ಎಲ್ಲಿದೆ? ಲೋಹಿತ ಧಾರಾಳಿ. ತನ್ನ ಡೆಕ್ಕುಗಳಿಗೆ ಸೇರದೆ ಉಳಿದಿದ್ದ ಕಾರ್ಡುಗಳಲ್ಲಿ ನಲವತ್ತನ್ನು ಎಣಿಸಿ, ಆಟ ಮುಗಿಯುವ ತನಕ ಅಂತ ಕೈಗಿಟ್ಟ. ಚಿತ್ರಗಳೇನೋ ಚೆಂದ. ಆದರೆ ಬಹುಪಾಲು ಭಾರೀ ಕಾರ್ಡುಗಳು.

ಈ ಆಟದಲ್ಲಿ ಮೊದಲ ಸುತ್ತಿಗೆ ಒಂದು ಶಕ್ತಿ ಸಿಗುತ್ತದೆ, ಎರಡನೆಯದಕ್ಕೆ ಎರಡು, ಹೀಗೆ ಏರುತ್ತಾ ಹೋಗುತ್ತದೆ. ಸಣ್ಣ ಕಾರ್ಡಾದರೆ ಒಂದೆರಡು ಶಕ್ತಿಗೇ ಇಳಿಸಬಹುದು. ಆನೆಯನ್ನು ಇಳಿಸಲು ಆರು ಬೇಕು. ಅತ್ತಿಗೆ ಕೈತುಂಬ ಆನೆಗಳನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಎದುರಿನಿಂದ ಲೋಹಿತನ ಡ್ರ್ಯಾಗನ್ ಮರಿಗಳು ಸುತ್ತು ಸುತ್ತಿಗೂ ಬಂದು ಹೊಡೆದು ಹೋದವು. ಆರನೇ ಸುತ್ತು ಬರಲೇ ಇಲ್ಲ.

"ಏನಾಯ್ತು?" ಅಂದರು ಅತ್ತಿಗೆ.

"ಮುಗೀತು ಅಕ್ಕ," ಅಂದ ಲೋಹಿತ.

"ನಾನೇನೂ ಆಡ್ಲೇ ಇಲ್ವಲ್ಲಪ್ಪ?"

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕರು. ಬಸ್ಸಿನಲ್ಲಿ ಮಾತ್ರ ನಗಲಿಲ್ಲ.

"ನಂಗಿದು ಬ್ಯಾಡ ಕಣೇ. ಅಡುಗೆಮನೇಲಿ ನಾನು ಹೊಸಬ್ಳು, ತೋಟದಲ್ಲಿ ಹೊಸಬ್ಳು. ನಿಮ್ಮನೆ ಹಸೂಗೂ ನಾನು ಹೊಸಬ್ಳೇ, ಹಾಲ್ ಕರೆಯಕ್ಕೋದ್ರೆ ಒದೀತದೆ. ಭಾನುವಾರಾನೂ ಬಸ್ ಹತ್ಕಂಡೋಗಿ ಹೊಸಬ್ಳಾಗ್ಬೇಕಾ?"

ವಾದ ಬಿಟ್ಟುಕೊಡುವುದು ನನ್ನ ಜಾಯಮಾನವಲ್ಲ. (ಕಾಲೇಜಿನ ಚರ್ಚಾಸ್ಪರ್ಧೆಯ ಕಪ್ಪುಗಳು ನಮ್ಮ ಶೋಕೇಸಿನಲ್ಲಿ ಸಾಕ್ಷಿಗಿವೆ.) ಹೇಳಿದೆ: "ಇನ್ನೊಂದೇ ಒಂದು ಭಾನುವಾರ ಬನ್ನಿ ಅತ್ತಿಗೆ. ಡೆಕ್ ನಾನು ಕಟ್ಕೊಡ್ತೀನಿ."

"ಒಂದೇ. ಆಮೇಲೆ ಕರೀಬಾರ್ದು."

ಒಪ್ಪಿಕೊಂಡೆ.

ಹೊಸಬರಿಗೆ ಒಳ್ಳೆಯ ಡೆಕ್ ಕಟ್ಟಲು ಸಿಕ್ಕಾಪಟ್ಟೆ ದುಡ್ಡು ಬೇಕು ಅನ್ನುತ್ತಾರೆ. ಸುಳ್ಳು. ಬೇಕಿರುವುದು ಕಾಮನ್ ಕಾರ್ಡುಗಳು ಮತ್ತು ಒಂದಿಷ್ಟು ಯೋಚನೆ. ಹತ್ತೇ ಬಗೆಯ ಕಾರ್ಡು ಸಾಕು, ಒಂದೊಂದಕ್ಕೂ ನಾಲ್ಕು ಪ್ರತಿ. ಒಂದೇ ಬಗೆಯದು ಮತ್ತೆ ಮತ್ತೆ ಕೈಗೆ ಬಂದರೆ ಬೇಗ ಪರಿಚಯವಾಗುತ್ತದೆ. ಬಹುಪಾಲು ಸಣ್ಣವೇ ಇರಲಿ, ಮೊದಲ ಸುತ್ತಿನಿಂದಲೇ ಕೈಗೆ ಕೆಲಸ ಸಿಗಲಿ. ಎಲ್ಲಕ್ಕೂ ಒಂದೇ ಉಪಾಯ: ಸಣ್ಣವರನ್ನು ಬೇಗ ಇಳಿಸು, ಒಟ್ಟಿಗೆ ಹೊಡಿ. ಇಷ್ಟಕ್ಕೆ ರೇರ್ ಯಾಕೆ ಬೇಕು? ಅಗ್ಗದ ಡೆಕ್ ಬೇರೆ, ಉಳಿದದ್ದನ್ನು ಗುಡಿಸಿ ಕೊಟ್ಟ ಡೆಕ್ ಬೇರೆ. ನೆಂಟರಿಗೆ ಉಪ್ಪಿಟ್ಟು ಮಾಡಿ ಹಾಕುವುದಕ್ಕೂ ತಂಗಳನ್ನ ಹಾಕುವುದಕ್ಕೂ ವ್ಯತ್ಯಾಸವಿಲ್ಲವೇ?

ನನ್ನ ಡಬ್ಬ ಹುಡುಕಿದೆ. ಅರ್ಧ ಡೆಕ್ಕಿಗಾಗುವಷ್ಟು ಸಿಕ್ಕಿತು. ಇನ್ನರ್ಧ ಯಾರ ಹತ್ತಿರ ಇದೆಯೆಂದು ಗೊತ್ತಿತ್ತು. ಲೋಹಿತನ ಕಾಮನ್ ಕಾರ್ಡುಗಳು ಮಂಡಿಯ ಬೀರುವಿನಲ್ಲಿ, ಬಿಸ್ಕತ್ತಿನ ಡಬ್ಬಗಳಲ್ಲಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮಲಗಿವೆ. ಶನಿವಾರ ಮಂಡಿಗೇ ಹೋದೆ.

"ಕಾಮನ್ ಕೊಡಲ್ಲ ಕಣಮ್ಮ," ಅಂದ.

"ಯಾಕೋ? ನೀನು ಅವನ್ನ ಆಡೋದೇ ಇಲ್ವಲ್ಲ?"

"ಮುಂದೆ ರೇಟ್ ಬಂದ್ರೆ?"

ನೋಡಿ! ಬೇರೆ ಊರಿನಲ್ಲಿ ಕಾರ್ಡಾಡುವವರು ಏನನ್ನುತ್ತಾರೋ ಗೊತ್ತಿಲ್ಲ, ನಮ್ಮ ಸೀಮೆಯಲ್ಲಿ ಈ ಮಾತು ಬರದಿದ್ದರೇ ಆಶ್ಚರ್ಯ. ಕಾಯಿಯನ್ನು ಅಟ್ಟಕ್ಕೆ ಹಾಕಿ, ವರ್ಷ ಕಾದು, ಒಳಗೆ ಒಣಗಿದ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟುಕೊಂಡು ಲೊಡಲೊಡ ಅಂದ ಮೇಲೂ ಸುಲಿಸದೆ, "ರೇಟ್ ಬರ್ಲಿ ಬುಡು" ಅಂತ ಕೂರುವವರ ಮಕ್ಕಳು ನಾವು. ಕೂಡಿಟ್ಟು ಕಾಯುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಕೊಬ್ಬರಿಗೆ ಅದು ಸರಿ. ಇವತ್ತಲ್ಲದಿದ್ದರೆ ನಾಳೆ ತಿನ್ನುವವರು ಇದ್ದೇ ಇರುತ್ತಾರೆ.

"ಲೋ, ಆಡೋರೇ ಇಲ್ಲದ ಕಾರ್ಡಿಗೆ ರೇಟ್ ಎಲ್ಲಿಂದ ಬತ್ತದೋ?" ಅಂದೆ.

"ಆಡೋರು ಅವ್ರಲ್ವಾ, ನಾವೆಲ್ಲ?"

"ಆರು ಜನ! ಆ ಆರೂ ಜನದ ಮನೇಲೂ ಇದೇ ಕಾಮನ್ ಕಾರ್ಡು ಕೊಳೀತಾ ಬಿದ್ದದೆ. ನೀನು ಯಾರಿಗ್ಲಾ ಮಾರ್ತೀಯ?"

ಅವನು ವಾದ ಬದಲಿಸಿದ. (ಸೋಲುವವರು ಮೊದಲು ಮಾಡುವ ಕೆಲಸ ಇದು. ಗಮನಿಸಿ.) "ರೇಟ್ ಮಾತು ಬುಡು. ಹೊಸಬ್ರು ಸ್ವಲ್ಪ ಸೋಲ್ಬೇಕು ಕಣೇ. ನಾವೂ ಸೋತ್ಸೋತೇ ಕಲ್ತಿದ್ದು. ಕಾಯಿ ಕೊಬ್ಬರಿ ಆಗ್ಬೇಕು ಅಂದ್ರೆ ವರ್ಸ ಅಟ್ಟದ್ ಮೇಲೆ ಕೂತ್ಕಬೇಕು."

"ಅಟ್ಟದ ಮೇಲೆ ಕೆಟ್ಟೋದ ಕಾಯಿ ಎಷ್ಟು ಅಂತ ಯಾವತ್ತಾದ್ರೂ ಕೇಳಿದೀಯ? ಸೋತು ಕಲ್ತೋರು ಇಲ್ಲಿ ಕೂತವ್ರೆ. ಸೋತು ಬೇಜಾರಾಗಿ ಬಿಟ್ಟೋದೋರು ಮನೇಲವ್ರೆ. ನೀನು ಸಾಕ್ಷಿ ಕೇಳ್ತಿರೋದು ಬರೀ ಉಳ್ಕೊಂಡೋರ್ನ."

ತಕ್ಕಡಿಯ ಪಕ್ಕ ಕೂತಿದ್ದ ಅವನ ಅಪ್ಪ ತಲೆಯೆತ್ತದೆ, "ಕೊಟ್ಟು ಕಳ್ಸ್ಲಾ ಅತ್ಲಾಗೆ, ಬೀರೂನಾದ್ರೂ ಖಾಲಿಯಾಗ್ಲಿ," ಅಂದರು. ಗೆದ್ದದ್ದು ನನ್ನ ವಾದವೋ ಅವರ ಬೀರುವೋ, ಚರ್ಚೆ ಬೇಡ. ಕಾರ್ಡು ಸಿಕ್ಕಿತು.

"ನಾವೂ ಹಿಂಗೇ ಕಲ್ತಿದ್ದು." ಈ ಮಾತನ್ನು ನೀವು ಎಲ್ಲೆಲ್ಲಿ ಕೇಳಿದ್ದೀರಿ? ನಾನು ನಮ್ಮ ಅಡುಗೆಮನೆಯಲ್ಲಿ ಕೇಳಿದ್ದೇನೆ. ಸಾರಿಗೆ ಹುಳಿ ಎಷ್ಟು ಅಂತ ಅತ್ತಿಗೆ ಕೇಳಿದರೆ ಅಮ್ಮನ ಉತ್ತರ, "ನಾ ಬಂದಾಗ ನಂಗ್ಯಾರು ಹೇಳ್ಕೊಟ್ರು?" ಆಫೀಸಿಗೆ ಹೊಸದಾಗಿ ಸೇರಿದವರಿಗೂ ಇದೇ, ಕಾರು ಕಲಿಯಲು ಹೋದವರಿಗೂ ಇದೇ. ನಾವು ಕಷ್ಟಪಟ್ಟದ್ದು ನಿಜ. ಆದರೆ ಕಷ್ಟ ಕಲಿಸಿತೋ, ಕಷ್ಟದ ನಡುವೆಯೂ ನಾವೇ ಕಲಿತೆವೋ? ಎರಡನ್ನೂ ಒಂದೇ ಮಾಡಿ, ಬಂದವರ ಮೇಲೆಲ್ಲ ಹೇರುತ್ತೇವೆ. ಅದಕ್ಕೆ ಅನುಭವ ಅಂತ ಹೆಸರು ಬೇರೆ.

ಭಾನುವಾರ ಬಂತು. ಅತ್ತಿಗೆ ಬಂದರು. ಕೊನೆಯ ಸಲ ಅನ್ನುವುದು ಮುಖದಲ್ಲೇ ಇತ್ತು. ಎದುರಿಗೆ ಲೋಹಿತ, ಅದೇ ಡ್ರ್ಯಾಗನ್ ಡೆಕ್. ಕೈ ತಡೆದು ಆಡಬೇಡ ಅಂತ ಅವನಿಗೆ ನಾನೇ ಹೇಳಿದ್ದೆ. ದಯೆ ತೋರಿಸಿ ಸೋಲುವುದು ಹೊಸಬರಿಗೆ ಮಾಡುವ ಇನ್ನೊಂದು ಅವಮಾನ.

ಮೊದಲ ಸುತ್ತಿಗೇ ಅತ್ತಿಗೆ ಒಂದು ಮುಂಗುಸಿ ಇಳಿಸಿದರು. ಎರಡನೆಯದಕ್ಕೆ ಇನ್ನೆರಡು. ಲೋಹಿತನ ಮರಿ ಒಂದು ಸತ್ತಿತು. ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಅತ್ತಿಗೆ ಒಂದು ಕಾರ್ಡನ್ನು ಅರ್ಧ ಇಳಿಸಿ, ವಾಪಸ್ಸು ತೆಗೆದುಕೊಂಡು, ತುಟಿ ಕಚ್ಚಿ, ಬೇರೆಯದನ್ನು ಇಳಿಸಿದರು. ಏಳನೇ ಸುತ್ತಿನಲ್ಲಿ ಲೋಹಿತನ ದೊಡ್ಡ ಡ್ರ್ಯಾಗನ್ ಬಂತು. ಒಂಬತ್ತನೆಯದರಲ್ಲಿ ಅತ್ತಿಗೆ ಸೋತರು.

ಅತ್ತಿಗೆ ಮೇಜನ್ನೇ ನೋಡುತ್ತಾ ಕೂತಿದ್ದರು.

"ಆ ಮುಂಗುಸಿನ ಹೊಡೆಯಕ್ಕೆ ಕಳಿಸ್ಬಾರ್ದಿತ್ತು," ಅಂದರು. "ಮನೇಲೇ ಇಟ್ಕಂಡು ಡ್ರ್ಯಾಗನ್ನ ತಡೆದಿದ್ರೆ ಇನ್ನೊಂದ್ ಸುತ್ತು ಉಳೀತಿದ್ದೆ. ಹೌದಾ ಇಲ್ವಾ?"

ಲೋಹಿತ ಮೇಜು ನೋಡಿದ, ತನ್ನ ಕೈಯ ಕಾರ್ಡು ನೋಡಿದ. "ಹೌದು ಕಣಕ್ಕ. ಉಳಿದಿದ್ರೆ ನಾನೇ ಹೋಗ್ತಿದ್ದೆ."

"ಹಂಗಾದ್ರೆ ಹಾಕಪ್ಪ ಇನ್ನೊಂದು."

ಹೋದ ಸಲವೂ ಸೋಲೇ, ಈ ಸಲವೂ ಸೋಲೇ. ಆದರೆ ಹೋದ ಸಲ "ಏನಾಯ್ತು" ಅಂತ ಕೇಳಿದವರು ಈ ಸಲ ಏನಾಯಿತು ಅಂತ ಎದುರಾಳಿಗೇ ಹೇಳಿದರು. ಹೊಸಬರಿಗೆ ನಾವು ಗೆಲುವನ್ನು ಕೊಡಬೇಕಿಲ್ಲ. ಯಾಕೆ ಸೋತೆ ಅನ್ನುವುದು ತಿಳಿಯುವಷ್ಟು ಆಟ ಕೊಡಬೇಕು. ಅಷ್ಟಕ್ಕೆ ಕಾಮನ್ ಕಾರ್ಡು ಧಾರಾಳವಾಗಿ ಸಾಕು.

ಎರಡನೇ ಆಟವನ್ನೂ ಅತ್ತಿಗೆ ಸೋತರು. ಮೂರನೆಯದು ಅವರ ಕಡೆ ವಾಲುತ್ತಿದ್ದಾಗ ಬಸ್ಸಿನ ಹೊತ್ತಾಯಿತು. ದಾರಿಯುದ್ದಕ್ಕೂ ಅತ್ತಿಗೆಯಿಂದ ಲೋಹಿತನಿಗೆ ಹಿಡಿಶಾಪ. ಮುಂದಿನ ಭಾನುವಾರ ಬರುತ್ತೀರಾ ಅಂತ ನಾನು ಕೇಳಲಿಲ್ಲ. ಕರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ.

ಮೊನ್ನೆ ಸಂಜೆ ಹಜಾರಕ್ಕೆ ಬಂದರೆ, ಅತ್ತಿಗೆ ಚಾಪೆಯ ಮೇಲೆ ನಲವತ್ತೂ ಕಾರ್ಡನ್ನು ಹರಡಿಕೊಂಡು ಕೂತಿದ್ದಾರೆ. ನಾನು ಬಹಳ ಯೋಚಿಸಿ, ಹೆಮ್ಮೆಯಿಂದ ಹಾಕಿದ್ದ ಮಾಟಗಾರ, ನಾಲ್ಕೂ ಪ್ರತಿ, ಚಾಪೆಯಾಚೆ ಬಿದ್ದಿದ್ದಾನೆ.

"ಇವನ್ಯಾಕೆ ಅತ್ತಿಗೆ ಆಚೆ?"

"ದಂಡ ಕಣೇ ಅವ್ನು. ಶಕ್ತಿ ತಿಂತಾನೆ, ಕೆಲ್ಸ ಮಾಡಲ್ಲ. ಯಾರೇ ಹಾಕಿದ್ದು ಇವನ್ನ?"

ವಾದಿಸಬಹುದಿತ್ತು. ನನ್ನ ಹತ್ತಿರ ಮೂರು ಪಾಯಿಂಟ್ ಸಿದ್ಧವಿದ್ದವು. ಬಿಟ್ಟೆ. ಹೊಸಬರಿಗೆ ಕಟ್ಟಿಕೊಟ್ಟ ಡೆಕ್ ಚೆನ್ನಾಗಿತ್ತು ಅನ್ನುವುದಕ್ಕೆ, ಅವರು ಅದನ್ನು ಬಿಚ್ಚಿಹಾಕಿದ್ದಕ್ಕಿಂತ ದೊಡ್ಡ ಪುರಾವೆ ಬೇಕೇ?